ಗೌರಿಗೆ ಯಾರೂ ಹೇಳಿಕೊಟ್ಟಿಲ್ಲ

ಹಸು ಸಾಕುವ ಲೆಕ್ಕವೆಲ್ಲ ನನಗೆ ಬಾಯಿಪಾಠ. 21 ದಿನಕ್ಕೊಮ್ಮೆ ಬೆದೆ, ಅಂದರೆ ಹಸು ಗಬ್ಬಕ್ಕೆ ಸಿದ್ಧವಾಗುವ ಹೊತ್ತು. ಬೆಳಿಗ್ಗೆ ಕಂಡರೆ ಸಂಜೆ ಸೆಮೆನ್ ಕೊಡಿಸಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಇದನ್ನೆಲ್ಲ ನಮ್ಮ ಗೌರಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಬೇರೆ ಹಸುಗಳು ಬೆದೆಗೆ ಬಂದರೆ ನಾಲ್ಕು ಮನೆಗೆ ಕೇಳುವಂತೆ ಕೂಗುತ್ತವೆ, ಪಕ್ಕದವಳ ಬೆನ್ನೇರುತ್ತವೆ. ಗೌರಿಯದು ಮೂಕ ಬೆದೆ. ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತ ನಿಂತಿರುತ್ತಾಳೆ. ಆ 12-18 ಗಂಟೆ ಕೈತಪ್ಪಿತೋ, ಇನ್ನು ಮೂರು ವಾರದ ಮೇವು ದಂಡ. ಹಾಗಾಗಿ ಬೆಳಗಾಗುತ್ತಲೇ ಬಾಲ ಎತ್ತಿ, ತಿಳಿ ಲೋಳೆ ಇಳಿದಿದೆಯೇ ಎಂದು ನೋಡುವುದು ನನ್ನ ಉದ್ಯೋಗ. ನಾನು ಬಗ್ಗುವುದನ್ನೇ ಕಾಯುತ್ತಿದ್ದು, ಗಂಜಲದಲ್ಲಿ ಅದ್ದಿದ ಬಾಲವನ್ನು ಕೆನ್ನೆಗೆ ಬಾರಿಸುವುದು ಅವಳ ಉದ್ಯೋಗ. ಒಮ್ಮೆ ನೆಂಟರು "ಅಪ್ಪ ಎಲ್ಲಮ್ಮಾ?" ಎಂದು ಕೇಳಿದರೆ, ಮಗಳು ಮೊಬೈಲಿನಿಂದ ತಲೆ ಎತ್ತದೆ "ಬಾಲ ಎತ್ತಿ ನೋಡ್ತಿದ್ದಾರೆ" ಎಂದಳಂತೆ. ಅವರು ಮತ್ತೇನೂ ಕೇಳಲಿಲ್ಲ.

ಅಂತೂ ಗಬ್ಬ ನಿಂತಿತು. ಸುಮಾರು 283 ದಿನ, ಅಂದರೆ ಒಂಬತ್ತು ತಿಂಗಳು ಒಂಬತ್ತು ದಿನ.

ರಾತ್ರಿ ಹೊತ್ತು ಮೇವು ಹಾಕಿದರೆ ಹಗಲಲ್ಲಿ ಈಯುವ ಸಾಧ್ಯತೆ ಹೆಚ್ಚು ಎನ್ನುತ್ತಾರೆ. ಸಂಶೋಧಕರೂ ಒಪ್ಪಿದ ಮಾತು. ಗೌರಿ ರಾತ್ರಿಯ ಮೇವನ್ನು ಪೂರ್ತಿ ತಿಂದಳು, ಸಂಶೋಧಕರನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕೆಚ್ಚಲು ಬಿಗಿಯಿತು, ಬಾಲದ ಬುಡದ ಎರಡೂ ಪಕ್ಕ ಕುಳಿ ಬಿತ್ತು. ಟಾರ್ಚು ಹಿಡಿದು ಸ್ಟೂಲು ಹಾಕಿ ಕೂತೆ. ಸರಿರಾತ್ರಿ ದಾಟಿದರೂ ನನ್ನನ್ನೇ ದಿಟ್ಟಿಸುತ್ತ ಮೆಲುಕು. ಟಾರ್ಚಿನ ಸೆಲ್ಲು ಮುಗಿಯಿತೆಂದು ಒಳಗೆ ಹೋಗಿ ಬರುವಷ್ಟರಲ್ಲಿ ನೆಲದ ಮೇಲೆ ಒದ್ದೆ ಕರು, ಅದನ್ನು ನೆಕ್ಕುತ್ತ ಗೌರಿ.

ಗಂಡು! ಹತ್ತರಲ್ಲಿ ಒಂಬತ್ತು ಹೆಣ್ಣುಕರುವೇ ಹುಟ್ಟುತ್ತದೆಂದು ದುಬಾರಿ ಸೆಮೆನ್ ಕೊಡಿಸಿದ್ದೆ. ಹತ್ತನೆಯದು ನಮ್ಮ ಪಾಲಿಗೆ.

ಗಿಣ್ಣುಹಾಲು ಆದಷ್ಟು ಬೇಗ ಕರುವಿನ ಹೊಟ್ಟೆಗೆ ಹೋಗಬೇಕು. ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ. ಈ ಮಹಾಶಯ ತಡವರಿಸುತ್ತ ಎದ್ದು ಮೊದಲು ಗೋಡೆ ಚೀಪಿದ, ಆಮೇಲೆ ಗೋದಲಿಯ ಕಂಬ, ಆಮೇಲೆ ನನ್ನ ಲುಂಗಿ. ಕೆಚ್ಚಲಿನತ್ತ ತಳ್ಳಿದಷ್ಟೂ ಲುಂಗಿಯ ಮೇಲೇ ಪ್ರೀತಿ. ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ಕರುವಿನ ಮೂತಿ ಹಿಡಿದು ಮೊಲೆಗೆ ಹಚ್ಚುವಾಗ ಹೆಂಡತಿ ಬಾಗಿಲಲ್ಲಿ ನಿಂತಳು.

"ರೀ, ಇನ್ನೂ ಮಲಗಲ್ವಾ?"

"ಕರುವಿನ ಹಿಂದೆ ಬರೋ ಮಾಸು ಬೀಳಲಿ. ಅವಳೇ ತಿಂದುಬಿಟ್ಟರೆ ಕಷ್ಟ."

"ನಾನು ಹೆತ್ತ ದಿನ ಆಸ್ಪತ್ರೆ ಬೆಂಚಿನ ಮೇಲೆ ಗೊರಕೆ ಹೊಡೀತಿದ್ರಿ."