ಎಂ.ಎ. ಎಜುಕೇಶನ್‌ಗೆ ಅರ್ಜಿ ಹಾಕುವ ಮುನ್ನ

ಅರ್ಜಿ ಕರೆಯುವ ಹೊತ್ತಿಗೆ ಪ್ರತಿ ವರ್ಷ ಬರುವ ಪ್ರಶ್ನೆ ಒಂದೇ: ಬಿ.ಎಡ್. ಇಲ್ಲದೆ ಎಂ.ಎ. ಎಜುಕೇಶನ್ ಮಾಡಿದರೆ ಮೇಷ್ಟ್ರ ಕೆಲಸ ಸಿಗುತ್ತಾ? ಸರ್ಕಾರಿ ಶಾಲೆಯಲ್ಲಿ ಸಿಗಲ್ಲ. ಅದು ಶಾಲಾ ಶಿಕ್ಷಕರ ಅರ್ಹತೆಯೇ ಅಲ್ಲ.

ಎಂ.ಎಡ್. ಬೇರೆ, ಇದು ಬೇರೆ. ಎಂ.ಎಡ್.ಗೆ ಎನ್‌ಸಿಟಿಇ (ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಪರಿಷತ್ತು) ಮಾನ್ಯತೆ ಬೇಕು, ಸೇರುವವರಿಗೆ ಬಿ.ಎಡ್. ಅಥವಾ ಅಂಥದ್ದೇ ಶಿಕ್ಷಕ ತರಬೇತಿ ಆಗಿರಬೇಕು. ಎಂ.ಎ.ಗೆ ಹೆಚ್ಚಿನ ಕಡೆ ಯಾವುದಾದರೂ ಪದವಿ ಸಾಕು. ಎಂ.ಎ.ಯಲ್ಲಿ 55% ಅಂಕ ಬಂದರೆ (ಎಸ್‌ಸಿ, ಎಸ್‌ಟಿ, ಕೆನೆಪದರದಲ್ಲಿಲ್ಲದ ಒಬಿಸಿ, ಅಂಗವಿಕಲ, ತೃತೀಯ ಲಿಂಗಿ ಅಭ್ಯರ್ಥಿಗಳಿಗೆ 50%) ಶಿಕ್ಷಣ ವಿಷಯದಲ್ಲಿ ನೆಟ್, ಅಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ, ಬರೆಯಬಹುದು. ಜನ ಎಡವುವುದು ಇದರ ನಂತರ. ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಬಿ.ಎಡ್. ಕಾಲೇಜಿನಲ್ಲಿ ಶಿಕ್ಷಣದ ತಾತ್ವಿಕ ವಿಷಯಗಳನ್ನು ಕಲಿಸಲು ಎಂ.ಎ. ಎಜುಕೇಶನ್ ಜೊತೆಗೆ ಬಿ.ಎಡ್. ಕೂಡ ಬೇಕು, ಎರಡರಲ್ಲೂ 55%. ನೆಟ್ ಪಾಸಾದ ಮೇಲೆ ಇದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತವರಿದ್ದಾರೆ. ಬಿ.ಎಡ್. ಕಾಲೇಜಿನ ಕೆಲಸವೇ ಗುರಿಯಾಗಿದ್ದರೆ ಮೊದಲು ಬಿ.ಎಡ್. ಮುಗಿಸಿ.

ಹಾಗಾದರೆ ಈ ಡಿಗ್ರಿ ಯಾರಿಗೆ? ಶಾಲೆಯ ಬಗ್ಗೆ ಒಂದು ಪ್ರಶ್ನೆ ತಲೆ ತಿನ್ನುತ್ತಿರುವವರಿಗೆ. ಸ್ವಯಂಸೇವಾ ಸಂಸ್ಥೆ, ಸಂಶೋಧನೆ, ಪಠ್ಯಕ್ರಮ, ಶಿಕ್ಷಕರ ತರಬೇತಿ: ಓದಿದವರು ಸಾಮಾನ್ಯವಾಗಿ ಹೋಗುವುದು ಈ ಕಡೆಗೆ.

ಸೇರಿದವರಲ್ಲಿ ಅನೇಕರು ಶಿಕ್ಷಣದ ತತ್ವಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸದ ಪೇಪರುಗಳನ್ನು ಹೇಗೋ ಪಾಸು ಮಾಡಿ ಶಿಕ್ಷಣ ನೀತಿಯ (ಪಾಲಿಸಿ) ಪೇಪರಿಗೆ ಜಿಗಿಯಲು ನೋಡುತ್ತಾರೆ. ಅದು ಅಡಿಪಾಯ ಬಿಟ್ಟು ಗೋಡೆ ಎಬ್ಬಿಸಿದ ಹಾಗೆ. ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಸೆಕ್ಷನ್ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ಕನಿಷ್ಠ 25% ಸೀಟನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು, ಅದರ ಖರ್ಚನ್ನು ಸರ್ಕಾರ ಭರಿಸುತ್ತದೆ. 2019ರ ಆರಂಭದಲ್ಲಿ ಕರ್ನಾಟಕ ತನ್ನ ನಿಯಮ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ. ಸೀಟುಗಳ ಸಂಖ್ಯೆ ದಿಢೀರನೆ ಬಿದ್ದುಹೋಯಿತು.

ನೀತಿಯನ್ನಷ್ಟೇ ಓದಿದವರು ಕೇಳುವುದು: ಎಷ್ಟು ಹಣ ಉಳಿಯಿತು, ಸರ್ಕಾರಿ ಶಾಲೆಯ ದಾಖಲಾತಿ ಏರಿತಾ? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ 'ನೆರೆಹೊರೆ' ಅನ್ನುವ ಪದವನ್ನು ಹಿಡಿದು ಹಿಂದಕ್ಕೆ ಹೋಗಿ. ರಾಷ್ಟ್ರೀಯ ಶಿಕ್ಷಣ ಆಯೋಗವಾದ ಕೊಠಾರಿ ಆಯೋಗ (1964-66) ನೆರೆಹೊರೆ ಶಾಲೆ ಅಂದಾಗ ಅದರ ಅರ್ಥ, ಆ ಪ್ರದೇಶದ ಎಲ್ಲ ಮಕ್ಕಳೂ ಜಾತಿ, ಅಂತಸ್ತು ನೋಡದೆ ಒಂದೇ ಶಾಲೆಯಲ್ಲಿ ಕೂರುವುದು. 2019ರ ನಿಯಮದಲ್ಲಿ ಅದೇ ಪದ ಬಡವರ ಮಕ್ಕಳು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಗೆರೆ ಎಳೆಯುತ್ತದೆ, ಉಳ್ಳವರ ಮಕ್ಕಳಿಗೆ ಆ ಗೆರೆ ಇಲ್ಲ. ತನ್ನ ಶಾಲೆ ಖಾಲಿಯಾಗುತ್ತಿರುವಾಗ ಪಕ್ಕದ ಖಾಸಗಿ ಶಾಲೆಗೆ ದುಡ್ಡು ಯಾಕೆ ಕಟ್ಟಬೇಕು ಅನ್ನುವ ಸರ್ಕಾರದ ವಾದವೂ ಸುಳ್ಳಲ್ಲ. ಆದರೆ ಪದದ ಹಿಂದಿನ ಚರಿತ್ರೆ ಗೊತ್ತಿಲ್ಲದಿದ್ದರೆ ಆ ವಾದಕ್ಕೆ ಎದುರಾಗಿ ಇನ್ನೊಂದು ವಾದ ಇದೆ ಅನ್ನುವುದೇ ಹೊಳೆಯುವುದಿಲ್ಲ.

ಅರ್ಜಿಯ ಜೊತೆ ಕೇಳುವ ಉದ್ದೇಶ ಪತ್ರದ ವಿಷಯಕ್ಕೆ ಬರೋಣ. 'ಶಿಕ್ಷಣ ದೇಶದ ಬೆನ್ನೆಲುಬು' ಅಂತ ಶುರುವಾದರೆ ಓದುವವರ ಕಣ್ಣು ಅಲ್ಲೇ ಮುಚ್ಚುತ್ತದೆ. ಹೀಗೆ ಬರೆಯಿರಿ: 'ಆರ್‌ಟಿಇ ಪ್ರಕಾರ ಶಾಲಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮೂರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿ ಪುಸ್ತಕದಲ್ಲಿ ತಾಯಂದಿರ ಸಹಿ ಇದೆ, ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಯಾಕೆ?' ಇಂಥ ಒಂದು ಪ್ರಶ್ನೆ, ಅದಕ್ಕೆ ನೀವು ಈವರೆಗೆ ಹುಡುಕಿಕೊಂಡ ಅರೆಬರೆ ಉತ್ತರ, ಆ ಕೋರ್ಸಿನ ಯಾವ ಪೇಪರು ಅದಕ್ಕೆ ನೆರವಾಗುತ್ತದೆ ಅನ್ನುವುದು. ಇಷ್ಟಿದ್ದರೆ ಸಂದರ್ಶನದಲ್ಲೂ ಮಾತು ಅದರ ಸುತ್ತಲೇ ನಡೆಯುತ್ತದೆ.

ವಿದೇಶಕ್ಕೆ ಹೊರಟವರಿಗೆ ಒಂದೇ ಮಾತು. ಬ್ರಿಟನ್ನಿನಲ್ಲಿ ಈ ಕೋರ್ಸು ಸಾಮಾನ್ಯವಾಗಿ ಒಂದು ವರ್ಷ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ನಮ್ಮ 3 ವರ್ಷದ ಪದವಿಯನ್ನು ಒಪ್ಪುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇಮೇಲ್ ಮಾಡಿ ಕೇಳಿ.

ಕೋರ್ಸಿನಲ್ಲಿ ಸಂಶೋಧನಾ ಪ್ರಬಂಧ ಬರೆಯುವ ವರ್ಷದಲ್ಲಿ ಪೆಟ್ಟು ಬೀಳುವುದು ಎರಡು ಕಡೆ. ಒಂದು ಅಂಕಿಅಂಶ. ಯುಡೈಸ್ ಪ್ಲಸ್ (ದೇಶದ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಸರ್ಕಾರಿ ವ್ಯವಸ್ಥೆ) 2022-23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ದಾಖಲೆಯನ್ನೂ ಪ್ರತ್ಯೇಕವಾಗಿ ಸಂಗ್ರಹಿಸುತ್ತಿದೆ, ಅದಕ್ಕೂ ಮೊದಲು ಶಾಲೆಗಳು ಒಟ್ಟು ಸಂಖ್ಯೆ ಕೊಡುತ್ತಿದ್ದವು. ಎರಡನ್ನೂ ಒಂದೇ ಗ್ರಾಫಿಗೆ ಹಾಕಿ 'ದಾಖಲಾತಿ ಕುಸಿತ' ಅಂತ ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಅದೇ. ಇನ್ನೊಂದು ಅನುಮತಿ. ಸರ್ಕಾರಿ ಶಾಲೆಯೊಳಗೆ ಕೂರಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅಥವಾ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿಯ ಪತ್ರ ತೆಗೆದುಕೊಳ್ಳಿ. ಮಾರ್ಚ್ ಪರೀಕ್ಷೆಗೆ ಹೋಗುತ್ತದೆ, ಏಪ್ರಿಲ್, ಮೇ ರಜೆ, ದಸರಾಕ್ಕೆ ಮತ್ತೆ ರಜೆ. ಕ್ಷೇತ್ರಕಾರ್ಯವನ್ನು ಜುಲೈಯಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಂಡರೆ ಬಚಾವು.

ಕ್ಷೇತ್ರಕಾರ್ಯದಲ್ಲಿ ನೀವು ಮಾಡುವ ಸಂದರ್ಶನದ ಟಿಪ್ಪಣಿ ಮಾತ್ರ ಕನ್ನಡದಲ್ಲೇ ಇರಲಿ. ಮೇಷ್ಟ್ರು 'ಆ ಹುಡುಗ ದಡ್ಡ ಅಲ್ಲ ಸಾರ್, ಮನೇಲಿ ಹೇಳ್ಕೊಡೋರಿಲ್ಲ' ಅಂದಿದ್ದನ್ನು ಅಲ್ಲೇ ಇಂಗ್ಲಿಷ್ ಮಾಡಿದರೆ ಉಳಿಯುವುದು 'ಪೋಷಕರ ಬೆಂಬಲದ ಕೊರತೆ' ಅನ್ನುವ ಒಣ ಸಾಲು. ಪ್ರಬಂಧದಲ್ಲೂ ಆ ಮಾತನ್ನು ಕನ್ನಡದಲ್ಲೇ ಕೊಟ್ಟು, ಕೆಳಗೆ ಅನುವಾದ ಹಾಕಿ.