ಮಂಚದ ಕೆಳಗಿನ ಗುರಿಗಳು

ಹೋದ ವಾರ ಒಂದು ಸಂಜೆ ನಾನು ಮಂಚದ ಕೆಳಗೆ ಬೋರಲಾಗಿ ಮಲಗಿದ್ದೆ. ಮನೆಯಲ್ಲಿ ಜಗಳವೇನೂ ಆಗಿರಲಿಲ್ಲ. ಚೆಂಡು ಹುಡುಕುತ್ತಿದ್ದೆ, ಅಷ್ಟೇ.

ಮೂರು ಚೆಂಡುಗಳನ್ನು ಒಂದರ ಹಿಂದೊಂದು ಮೇಲಕ್ಕೆ ಎಸೆದು ಹಿಡಿಯುವ ಜಗ್ಲಿಂಗ್ ಇದೆಯಲ್ಲ, ಅದನ್ನು ಕಲಿಯಬೇಕು ಅಂತ ಈ ವಯಸ್ಸಿನಲ್ಲಿ ಹುಚ್ಚು ಹಿಡಿದಿತ್ತು. ಅದಕ್ಕೆ ಕಾರಣ 2004ರ ಒಂದು ಅಧ್ಯಯನ. ಮೂರು ತಿಂಗಳು ಜಗ್ಲಿಂಗ್ ಕಲಿತವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರೆ, ಓಡಾಡುವ ವಸ್ತುಗಳನ್ನು ಗುರುತಿಸುವ ಭಾಗ ಸ್ವಲ್ಪ ಬೆಳೆದಿತ್ತಂತೆ. ಕಲಿಯುವುದನ್ನು ಬಿಟ್ಟ ಮೇಲೆ ಮತ್ತೆ ಇಳಿಯಿತು ಅಂತಲೂ ಅಲ್ಲೇ ಇತ್ತು, ಆದರೆ ನಾನು ಒಳ್ಳೆ ಸುದ್ದಿ ಸಿಕ್ಕ ತಕ್ಷಣ ಓದುವುದನ್ನು ನಿಲ್ಲಿಸುವ ಪೈಕಿ. ನನ್ನ ಮಿದುಳು ಬೆಳೆಯಿತೋ ಇಲ್ಲವೋ ಗೊತ್ತಿಲ್ಲ, ಹಣೆಯ ಮೇಲೆ ಬುಗುಟು ಮಾತ್ರ ಬೆಳೆಯಿತು.

ಒಂದು ಚೆಂಡು ಸುಲಭ. ಈ ಕೈಯಿಂದ ಆ ಕೈಗೆ, ಕಣ್ಣಿನ ಎತ್ತರಕ್ಕೆ ಕಮಾನಿನ ಹಾಗೆ ಎಸೆಯಬೇಕು. ಎರಡನೆಯದನ್ನು, ಮೊದಲನೆಯದು ತುದಿ ಮುಟ್ಟಿದಾಗ ಎಸೆಯಬೇಕು. ನಾನು ಎಸೆಯುವ ಬದಲು ಮೆಲ್ಲಗೆ ಇನ್ನೊಂದು ಕೈಗೆ ದಾಟಿಸಿಬಿಡುತ್ತಿದ್ದೆ, ಯಾರಿಗೋ ಗುಟ್ಟಾಗಿ ಚೀಟಿ ಕೊಟ್ಟ ಹಾಗೆ. ಮೂರನೆಯದರ ಕಥೆ ಕೇಳಬೇಡಿ. ಅದು ಕೈಯಲ್ಲೇ ಕೂತಿರುತ್ತದೆ, ಉಳಿದೆರಡು ಮುಂದೆ ಮುಂದೆ ಹೋಗುತ್ತವೆ, ಅವುಗಳ ಹಿಂದೆ ನಾನೂ ಹೋಗುತ್ತೇನೆ, ಗೋಡೆ ಬಂದಾಗ ಎಲ್ಲರೂ ನಿಲ್ಲುತ್ತೇವೆ. ಬುಗುಟು ಬಂದದ್ದು ಹೀಗೆ.

ಹೊಸಬರಿಗೆ ಒಂದು ಉಪಾಯ ಹೇಳುತ್ತಾರೆ: ಮಂಚದ ಮುಂದೆ ನಿಂತು ಎಸೆಯಿರಿ, ತಪ್ಪಿದ ಚೆಂಡು ಹಾಸಿಗೆ ಮೇಲೆ ಬೀಳುತ್ತದೆ, ಬಗ್ಗುವ ಕೆಲಸ ಇಲ್ಲ. ಅವರು ಹೇಳಿದ್ದು ಕಾಳು ತುಂಬಿದ ಮೆತ್ತನೆ ಚೆಂಡಿಗೆ. ನಾನು ತಂದದ್ದು ಪುಟಿಯುವ ರಬ್ಬರ್ ಚೆಂಡು. ಅದು ಹಾಸಿಗೆ ಬಿಟ್ಟು ಬೇರೆಲ್ಲಾ ಕಡೆ ಹೋಗುತ್ತದೆ, ಕೊನೆಗೆ ಮಂಚದ ಕೆಳಗೆ.

ಅಲ್ಲಿ ಚೆಂಡು ಸಿಗುವ ಮೊದಲು ಕೈಗೆ ಸ್ಕಿಪ್ಪಿಂಗ್ ಹಗ್ಗ ಸಿಕ್ಕಿತು. ಅದರ ಬಗ್ಗೆ ಹೇಳಲು ಏನೂ ಇಲ್ಲ. ಎರಡು ದಿನ, ಒಂದು ಫ್ಯಾನ್.

ಆಮೇಲೆ ಒಂದು ಡೈರಿ. 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಆಗಿಬಿಡುತ್ತದೆ ಅಂತ ನಂಬಿ ಶುರು ಮಾಡಿದ್ದು. ಆ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಂತೆ. ತಿದ್ದಿದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕಡಿಮೆ ಅಂದರೂ ಅಷ್ಟು ದಿನ ಬೇಕು ಅಂದಿದ್ದರು ಅವರು. ಮೂಗಿನ ಲೆಕ್ಕವನ್ನು ನಾನು ಬೆಳಗ್ಗೆ ಐದಕ್ಕೆ ಏಳುವುದಕ್ಕೆ ಹಚ್ಚಿಕೊಂಡಿದ್ದೆ! ಮುಂದೆ ಲಂಡನ್ನಿನ ಸಂಶೋಧಕರು 96 ಜನರನ್ನು ಇಟ್ಟುಕೊಂಡು ನೋಡಿದಾಗ ಸರಾಸರಿ 66 ದಿನ ಅಂತ ಬಂತು, 18ರಿಂದ 254ರವರೆಗೂ ಹೋಗಬಹುದು ಅಂತ ಲೆಕ್ಕ ಹಾಕಿದರು. ಆ 254ರ ಮನುಷ್ಯ ಯಾರೋ, ನನಗೆ ದೂರದ ಸಂಬಂಧಿಯೇ ಇರಬೇಕು. ನನ್ನ ಡೈರಿಯಲ್ಲಿ ನಾಲ್ಕನೇ ದಿನದ ಪುಟದಲ್ಲಿ ‘ನಾಳೆಯಿಂದ ಖಂಡಿತ’ ಅಂತಿದೆ. ಐದನೇ ಪುಟದಿಂದ ಮಗಳ ಚಿತ್ರಗಳು. ಚೆನ್ನಾಗಿವೆ.

ಡೈರಿಯ ಪಕ್ಕದಲ್ಲಿ ಗಿಟಾರಿನ ತಂತಿ ಮೀಟುವ ಪಿಕ್. ಹಲವು ಸ್ವರ ಒಟ್ಟಿಗೆ ನುಡಿಸುವ ಎಫ್ ಕಾರ್ಡ್‌ಗೆ ಒಂದೇ ತೋರುಬೆರಳಲ್ಲಿ ಆರೂ ತಂತಿ ಒತ್ತಬೇಕು ಅಂತ ಕಲಿಯಲು ಸೇರುವಾಗ ಯಾರೂ ಹೇಳುವುದಿಲ್ಲ. ನನ್ನ ಬೆರಳಿನ ಕೆಳಗೆ ನಾಲ್ಕು ತಂತಿ ‘ಟಪ್’ ಅನ್ನುತ್ತಿದ್ದವು. ಇನ್ನೆರಡು ಅದನ್ನೂ ಅನ್ನುತ್ತಿರಲಿಲ್ಲ. ಪಿಕ್ ಪದೇ ಪದೇ ಗಿಟಾರಿನ ಹೊಟ್ಟೆಯೊಳಗೆ ಬೀಳುತ್ತಿತ್ತು, ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ತೆಗೆಯುವುದರಲ್ಲಿ ಮಾತ್ರ ನಾನು ನಿಜವಾಗಿ ಪಳಗಿದೆ.

ಗೋಡೆಯ ಮೂಲೆಯಲ್ಲಿ ಹೆಜ್ಜೆ ಎಣಿಸುವ, ಕೈಗೆ ಕಟ್ಟುವ ಪಟ್ಟಿ ಇತ್ತು, ಧೂಳಲ್ಲಿ. ದಿನಕ್ಕೆ 10,000 ಹೆಜ್ಜೆ! ರಾತ್ರಿ ಹನ್ನೊಂದೂಮುಕ್ಕಾಲಿಗೆ 612 ಬಾಕಿ ಇದೆ ಅಂತ ಕೋಣೆಯಲ್ಲಿ ಸುತ್ತು ಹೊಡೆದದ್ದು, ‘ರೀ, ಕಳ್ಳ ಬಂದಿದ್ದಾನೆ ಅಂದ್ಕೊಂಡೆ’ ಅಂತ ಹೆಂಡತಿ ಎದ್ದು ಕೂತದ್ದು ಎಲ್ಲ ನೆನಪಾಯಿತು. ಹಲ್ಲುಜ್ಜಿದರೂ ಅದು ಹೆಜ್ಜೆ ಎಣಿಸುತ್ತದೆ ಅಂತ ಗೊತ್ತಾದ ಮೇಲೆ ನನ್ನ ಹಲ್ಲು ಬಹಳ ಬೆಳ್ಳಗಾದವು. ಈ 10,000 ಕೂಡ ವೈದ್ಯರು ಅಳೆದು ತೂಗಿ ಕೊಟ್ಟ ಸಂಖ್ಯೆ ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮೀಟರ್’. ಹೆಸರಿಡುವವರು ಸ್ವಲ್ಪ ಕರುಣೆ ತೋರಿಸಿದ್ದರೆ ನಾನೂ ಗೆದ್ದಿರುತ್ತಿದ್ದೆ ಅಲ್ವಾ?

ಎರಡು ಚೆಂಡು ಸಿಕ್ಕಿದವು. ಮೂರನೆಯದು ಎಲ್ಲೂ ಇಲ್ಲ. ಟಾರ್ಚ್ ಹಿಡಿದು ಇನ್ನೂ ಒಳಗೆ ತೆವಳಿದೆ, ಸೀನಿದೆ, ತಲೆ ಎತ್ತಿ ಮಂಚಕ್ಕೆ ಬಡಿಸಿಕೊಂಡೆ. ಹಳೆ ಬುಗುಟಿಗೆ ಜೊತೆಯಾಯಿತು.

ಮೇಲಿನಿಂದ ಮಗಳ ದನಿ: ‘ಅಪ್ಪಾ, ಆಗಿನಿಂದ ಏನು ಹುಡುಕ್ತಿದ್ದೀಯ? ಇನ್ನೊಂದು ಚೆಂಡು ಇಲ್ಲೇ ಇದೆ, ಹಾಸಿಗೆ ಮೇಲೆ.’