ಮೀನಿಗೊಂದು ಸೆಕ್ಷನ್, ಕೊಲೆಗೆ ಸೊನ್ನೆ

ನಮ್ಮ ಕಡೆ ಕೋರ್ಟಿನ ಮೆಟ್ಟಿಲು ಹತ್ತದವರಿಗೂ ತ್ರೀ ನಾಟ್ ಟೂ ಗೊತ್ತು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 103 ಆಗಿದೆ, ನಾಲಿಗೆ ಇನ್ನೂ ಒಗ್ಗಿಲ್ಲ ಅಷ್ಟೆ. ಅಂತೂ ಕೊಲೆಗೆ ನಮ್ಮಲ್ಲೊಂದು ನಂಬರ್ ಇದೆ. ಆ ನಂಬರ್ ಕೊಟ್ಟು ಹೋದ ಇಂಗ್ಲಿಷರ ಊರಲ್ಲಿ? ಇಲ್ಲ!

ಲಂಡನ್ನಿನಲ್ಲಿ ಕೊಲೆ ಕೇಸು ಹಾಕುವಾಗ 'ಕಾಮನ್ ಲಾ' ಅಂತ ಬರೆಯುತ್ತಾರೆ. ಅಂದರೆ ಹಿಂದಿನ ಜಡ್ಜುಗಳು ಹೇಳಿಕೊಂಡು ಬಂದ ಕಾನೂನು. ಶಿಕ್ಷೆ ಏನೋ ಕಾಯ್ದೆಯಲ್ಲಿದೆ, 1965ರಿಂದ ಕಡ್ಡಾಯ ಜೀವಾವಧಿ. ಕೊಲೆ ಅಂದರೆ ಏನು ಅನ್ನೋದನ್ನು ಮಾತ್ರ ಪಾರ್ಲಿಮೆಂಟು ಇವತ್ತಿಗೂ ಬರೆದಿಲ್ಲ. ಬೇಕಾದರೆ ಎಡ್ವರ್ಡ್ ಕೋಕ್ ಎಂಬ ಜಡ್ಜರ ಪುಸ್ತಕ ತೆಗೆಯಬೇಕು. ಅವರು ತೀರಿಕೊಂಡಿದ್ದು 1634ರಲ್ಲಿ, ಪುಸ್ತಕ ಅಚ್ಚಾಗಿದ್ದು 1644ರಲ್ಲಿ. ಅವರ ಲೆಕ್ಕದಲ್ಲಿ ಏಟು ತಿಂದವನು ಒಂದು ವರ್ಷ ಒಂದು ದಿನದೊಳಗೆ ಸಾಯಬೇಕು. ತಡಮಾಡಿ ಸತ್ತರೆ ಕೊಲೆಯೇ ಅಲ್ಲ. ಈ ನಿಯಮ ಹೋಗಿದ್ದು 1996ರಲ್ಲಿ. ಅಷ್ಟೊತ್ತಿಗೆ ಆಸ್ಪತ್ರೆಗಳಿಗೆ ವೆಂಟಿಲೇಟರ್ ಬಂದು ಎಷ್ಟೋ ಕಾಲವಾಗಿತ್ತು.

ಹಾಗಂತ ಅವರಿಗೆ ಬರೆಯೋಕೆ ಬರಲ್ಲ ಅಂತಲ್ಲ. ನಮಗೆ ದಂಡಸಂಹಿತೆಯ ಕರಡು ಬರೆದುಕೊಟ್ಟವನು ಅವರದೇ ಮೆಕಾಲೆ. ಅದು 1860ರಲ್ಲಿ ಕಾಯ್ದೆಯಾಯಿತು. ತಮ್ಮ ಮನೆಗೂ ಅಂಥದ್ದೊಂದು ಬೇಕು ಅಂತ 1989ರಲ್ಲಿ ಅಲ್ಲಿನ ಲಾ ಕಮಿಷನ್ ಕರಡು ಮಾಡಿತು. ಅದು ಕರಡಾಗಿಯೇ ಉಳಿಯಿತು.

ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತೀವಲ್ಲ, ಇಲ್ಲಿ ಗಾಳವೂ ನಿಜದ್ದೇ. 1986ರ ಸಾಲ್ಮನ್ ಕಾಯ್ದೆಯ 32ನೇ ಸೆಕ್ಷನ್ ನೋಡಿ: 'ಅನುಮಾನ ಬರುವಂಥ ಸನ್ನಿವೇಶದಲ್ಲಿ' ಸಾಲ್ಮನ್ ಮೀನನ್ನು ಇಟ್ಟುಕೊಳ್ಳುವುದು, ಸಾಗಿಸುವುದು ಅಪರಾಧ. ಎರಡು ವರ್ಷದವರೆಗೂ ಜೈಲು. ಕದ್ದು ಹಿಡಿದ ಮೀನು ಕೊಳ್ಳುವವರನ್ನು ಹಿಡಿಯೋಕೆ ಮಾಡಿದ್ದು, ಸರಿ. ಆದರೂ ಸಂಜೆಗತ್ತಲಲ್ಲಿ ಕೋಟಿನೊಳಗೆ ಮೀನು ಅವುಚಿಕೊಂಡು ಹೋಗುವವನ ಚಿತ್ರ ಕಣ್ಣಿಗೆ ಕಟ್ಟಲ್ವಾ?

ಜಮಖಾನಕ್ಕೂ ಕಾನೂನಿದೆ. 1839ರ ಪೊಲೀಸ್ ಕಾಯ್ದೆ ಪ್ರಕಾರ ಲಂಡನ್ ಬೀದಿಯಲ್ಲಿ ಜಮಖಾನ ಕೊಡವಿದರೆ ದಂಡ. ಬಾಗಿಲ ಮುಂದಿನ ಮ್ಯಾಟ್ ಆದರೆ ಬೆಳಿಗ್ಗೆ ಎಂಟರೊಳಗೆ ಕೊಡವಬಹುದು. 1872ರ ಕಾಯ್ದೆ ಇನ್ನೂ ಮಜಾ: ಪಬ್ಬಿನಲ್ಲಿ ಕುಡಿಯಬಹುದು, ಕುಡಿದು ಅಮಲೇರಿ ಅಲ್ಲೇ ಸಿಕ್ಕಿಬಿದ್ದರೆ ಅಪರಾಧ. ಹಾಗಾದರೆ ಪಬ್ಬಿಗೆ ಹೋಗೋದು ಸುಮ್ನೆ ನೀರು ಕುಡಿಯೋಕಾ?

ಕೊಲೆಗೊಂದು ಹೊಸ ಕಾಯ್ದೆ ಮಾಡಿ, ಒಂದನೇ ದರ್ಜೆ, ಎರಡನೇ ದರ್ಜೆ ಅಂತ ವಿಂಗಡಿಸಿ ಎಂದು 2006ರಲ್ಲಿ ಅದೇ ಲಾ ಕಮಿಷನ್ ವರದಿ ಕೊಟ್ಟಿತು. 2009ರಲ್ಲಿ ಪಾರ್ಲಿಮೆಂಟು ಆರೋಪಿಗಳ ಸಮರ್ಥನೆಗಳನ್ನು ಒಂದಿಷ್ಟು ರಿಪೇರಿ ಮಾಡಿ, ಮೂಲ ವ್ಯಾಖ್ಯೆಯನ್ನು ಕೋಕ್ ಅವರಿಗೇ ಬಿಟ್ಟಿತು. ಅದೇ ವರ್ಷ ಸಾಲ್ಮನ್ ಸೆಕ್ಷನ್ನಿಗೆ ಟ್ರೌಟ್, ಹಾವುಮೀನು, ಸಿಹಿನೀರಿನ ಮೀನುಗಳೆಲ್ಲ ಸೇರಿದವು. 2024ರ ಡಿಸೆಂಬರಿನಲ್ಲಿ ಸರ್ಕಾರ ಕೊಲೆ ಕಾನೂನನ್ನು ಇನ್ನೊಮ್ಮೆ ನೋಡಿ ಅಂತ ಕಮಿಷನ್ನಿಗೆ ಹೇಳಿದೆ. ಅವಸರ ಏನಿಲ್ಲ ಬಿಡಿ, ಮೀನುಗಳಂತೂ ಸೇಫ್.